ಸೀರೆಯ ನಿರಿಗೆಯ ಮೇಲೊಂದು ಇರುವೆ

ಕಳೆದ ಮಳೆಗಾಲದಲ್ಲಿ ನಾಲ್ಕು ಶನಿವಾರ ನಮ್ಮ ಒಂಬತ್ತನೇ ತರಗತಿಯ ಮಕ್ಕಳಿಗೆ ನಾನೊಂದು ಕಥೆ ಹೇಳಿದೆ. ಬೆಳಗಿನ ಶಾಲೆಯ ಕೊನೆಯ ಪಿರಿಯಡ್ಡು, ಹೊರಗೆ ಜಿಟಿಜಿಟಿ ಮಳೆ, ಆಟದ ಬಯಲೆಲ್ಲ ಕೆಸರು. ಪಾಠ ಕೇಳುವ ಉತ್ಸಾಹ ಅವರಿಗೂ ಇರಲಿಲ್ಲ, ಹೇಳುವ ಉತ್ಸಾಹ ನನಗೂ ಇರಲಿಲ್ಲ. ಐದನೇ ಶನಿವಾರ ಇಬ್ಬರು ಪೋಷಕರು ನನ್ನನ್ನು ಹುಡುಕಿಕೊಂಡು ಶಾಲೆಗೆ ಬಂದರು.

ಮೊದಲನೆಯವರು ಮುಸುಕಿನ ಜೋಳ, ಶುಂಠಿ ಬೆಳೆಯುವವರು. "ಮೇಷ್ಟ್ರೇ, ಅದೇನೋ ಇಂಗ್ಲಿಷ್ ಕಥೆ ಹೇಳ್ತಿದೀರಂತಲ್ಲ, ಪರೀಕ್ಷೆಗೆ ಬರುತ್ತಾ?" ಎಂದು ಕೇಳಿದರು. ಬರುವುದಿಲ್ಲ ಎಂದೆ. ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ನನಗೆ ಅಭ್ಯಾಸವಾಗಿದೆ. ಎರಡನೆಯವರು ಒಬ್ಬ ತಾಯಿ. ಅವರ ಮಾತು ಮಾತ್ರ ನಾಟಿತು. "ನೀವು ಸೈನ್ಸ್ ಮೇಷ್ಟ್ರು. ಮೂರು ಜನ ಮುದುಕೀರು ಮಾಟ ಮಾಡಿ ಮಕ್ಕಳನ್ನ ನಕ್ಷತ್ರಲೋಕಕ್ಕೆ ಕರ್ಕೊಂಡು ಹೋದ್ರು ಅಂತ ನೀವೇ ಹೇಳಿದ್ರೆ ಹೆಂಗೆ ಸಾರ್? ನನ್ನ ಮಗಳು ಒಂದು ವಾರದಿಂದ ರಾತ್ರಿ ಲೈಟ್ ಆರಿಸೋಕೆ ಬಿಡ್ತಿಲ್ಲ."

ಎಚ್. ನರಸಿಂಹಯ್ಯನವರ 'ತೆರೆದ ಮನ' ಓದಿ ಬೆಳೆದವನು ನಾನು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳ ತನಿಖೆಗೆ ಸಮಿತಿಯನ್ನೇ ರಚಿಸಿದ ಮಹನೀಯರು ಅವರು. ಅಂಥವರನ್ನು ಮೆಚ್ಚುವ ಮೇಷ್ಟರೇ ಮಾಟದ ಕಥೆ ಹೇಳಬಹುದೇ? ಆ ತಾಯಿಗೆ ಅಂದು ನಾನು ಸರಿಯಾದ ಉತ್ತರ ಕೊಡಲಿಲ್ಲ. ಆದರೆ ಅವರ ದೂರು ಹೊಸದೇನಲ್ಲ. ಅಮೆರಿಕದಲ್ಲಿ ಇದೇ ಪುಸ್ತಕದ ಮೇಲೆ ದಶಕಗಳ ಕಾಲ ಇದೇ ದೂರು ಕೇಳಿಬಂದಿದೆ.

ಪುಸ್ತಕದ ಹೆಸರು 'ಎ ರಿಂಕಲ್ ಇನ್ ಟೈಮ್'. 'ಕಾಲದ ನಿರಿಗೆ' ಎಂದು ನಾನು ಮಕ್ಕಳಿಗೆ ಕನ್ನಡ ಮಾಡಿ ಹೇಳಿದೆ. ಬರೆದವರು ಮ್ಯಾಡೆಲಿನ್ ಲೆಂಗಲ್ (1918-2007). 1959ರಲ್ಲಿ ಗಂಡ ಮಕ್ಕಳೊಡನೆ ಹತ್ತು ವಾರ ಕಾರಿನಲ್ಲಿ ದೇಶ ಸುತ್ತುತ್ತಿದ್ದಾಗ ಈಕೆಗೆ ಕಥೆಯ ಎಳೆ ಹೊಳೆಯಿತು. ಆ ದಿನಗಳಲ್ಲಿ ಐನ್‌ಸ್ಟೈನ್, ಪ್ಲಾಂಕ್ ಮೊದಲಾದವರ ಭೌತಶಾಸ್ತ್ರವನ್ನು ಆಕೆ ತಾನಾಗಿಯೇ ಓದಿಕೊಳ್ಳುತ್ತಿದ್ದರಂತೆ. ಹಸ್ತಪ್ರತಿಯನ್ನು 26 ಪ್ರಕಾಶಕರು ಹಿಂದಿರುಗಿಸಿದರು ಎಂದು ಅವರೇ ಹೇಳಿಕೊಂಡಿದ್ದಾರೆ. ಮಕ್ಕಳಿಗೆ ಇದು ತೀರಾ ಕಷ್ಟ ಎಂಬುದು ಒಂದು ಕಾರಣ. ವಿಜ್ಞಾನದ ಕಥೆಗೆ ಹುಡುಗಿ ನಾಯಕಿಯೇ ಎಂಬ ಅನುಮಾನ ಇನ್ನೊಂದು. ಅಂತೂ 1962ರಲ್ಲಿ ಪುಸ್ತಕ ಅಚ್ಚಾಯಿತು. ಮರುವರ್ಷವೇ, 1963ರಲ್ಲಿ, ನ್ಯೂಬೆರಿ ಪದಕ ಬಂತು. ಅಮೆರಿಕದ ಗ್ರಂಥಾಲಯ ಸಂಘ 1922ರಿಂದ ಕೊಡುತ್ತ ಬಂದಿರುವ ಈ ಪದಕ ಅಲ್ಲಿನ ಮಕ್ಕಳ ಸಾಹಿತ್ಯಕ್ಕೆ ಸಲ್ಲುವ ಅತಿ ದೊಡ್ಡ ಗೌರವಗಳಲ್ಲಿ ಒಂದು.

ತಮಾಷೆ ಎಂದರೆ, ಪದಕ ಕೊಟ್ಟ ಅದೇ ಸಂಘ ಇನ್ನೊಂದು ಪಟ್ಟಿಯನ್ನೂ ಮಾಡುತ್ತದೆ. ಇಂಥ ಪುಸ್ತಕ ನಮ್ಮ ಶಾಲೆಯಲ್ಲಿ ಬೇಡ, ಲೈಬ್ರರಿಯಿಂದ ತೆಗೆಯಿರಿ ಎಂದು ಜನ ಆಕ್ಷೇಪಿಸಿದ ಪುಸ್ತಕಗಳ ಪಟ್ಟಿ ಅದು. 1990ರಿಂದ 1999ರವರೆಗಿನ ನೂರು ಪುಸ್ತಕಗಳಲ್ಲಿ ಇದಕ್ಕೆ 23ನೇ ಸ್ಥಾನ. ಮುಂದಿನ ದಶಕದಲ್ಲಿ 90ಕ್ಕೆ ಇಳಿದರೂ ಪಟ್ಟಿಯಿಂದ ಹೊರಬೀಳಲಿಲ್ಲ.

ಕಥೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಮೆಗ್ ಎಂಬ ಹುಡುಗಿ. ಕನ್ನಡಕ, ಹಲ್ಲಿಗೆ ತಂತಿ, ಮೂಗಿನ ತುದಿಯಲ್ಲೇ ಕೋಪ. ಶಾಲೆಯಲ್ಲಿ ದಡ್ಡಿ ಎಂಬ ಹೆಸರು. ತಾಯಿ ವಿಜ್ಞಾನಿ, ಪ್ರಯೋಗಾಲಯದ ಬುನ್ಸೆನ್ ಬರ್ನರಿನ ಮೇಲೆಯೇ ಅಡುಗೆ ಬೇಯಿಸುವಾಕೆ. ತಂದೆಯೂ ವಿಜ್ಞಾನಿ, ಆದರೆ ಯಾವುದೋ ಗುಪ್ತ ಕೆಲಸಕ್ಕೆ ಹೋದವರು ಹಿಂದಿರುಗಿಲ್ಲ. ಊರವರು ಬಾಯಿಗೆ ಬಂದದ್ದು ಮಾತಾಡಿಕೊಳ್ಳುತ್ತಾರೆ. ಒಂದು ಬಿರುಗಾಳಿಯ ರಾತ್ರಿ ವಿಚಿತ್ರ ಮುದುಕಿಯೊಬ್ಬಳು ಮನೆಗೆ ಬರುತ್ತಾಳೆ. ಆಕೆ ಮತ್ತು ಆಕೆಯ ಇಬ್ಬರು ಗೆಳತಿಯರು ಮೆಗ್‌ಳನ್ನೂ, ಅವಳ ಐದು ವರ್ಷದ ತಮ್ಮ ಚಾರ್ಲ್ಸ್ ವಾಲೆಸ್‌ನನ್ನೂ, ಗೆಳೆಯ ಕ್ಯಾಲ್ವಿನ್‌ನನ್ನೂ ತಂದೆಯನ್ನು ಹುಡುಕಲು ದೂರದ ಗ್ರಹಗಳಿಗೆ ಕರೆದೊಯ್ಯುತ್ತಾರೆ. ಹೋಗುವುದು ರಾಕೆಟ್ಟಿನಲ್ಲಲ್ಲ, ಕಾಲದ ನಿರಿಗೆಯ ಮೂಲಕ.

ಇಲ್ಲಿ ವಿಜ್ಞಾನದ ಮೇಷ್ಟರಾಗಿ ನನ್ನ ತಕರಾರನ್ನೂ ಹೇಳಬೇಕು. ಬೆಳಕು ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಓಡುತ್ತದೆ. ಆದರೂ ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರದಿಂದ ಇಲ್ಲಿಗೆ ಬರಲು ಅದಕ್ಕೆ 4.2 ವರ್ಷ ಬೇಕು. 1977ರಲ್ಲಿ ಹಾರಿಸಿದ ವಾಯೇಜರ್ ನೌಕೆಯ ವೇಗದಲ್ಲಿ ಹೋದರೆ ನಮಗೆ 70 ಸಾವಿರ ವರ್ಷಕ್ಕೂ ಹೆಚ್ಚು ಹಿಡಿಯುತ್ತದೆ. ಹಾಗಾದರೆ ಮೆಗ್ ಹೋದದ್ದು ಹೇಗೆ? ಲೆಂಗಲ್ ಬಟ್ಟೆಯ ಮೇಲಿನ ಒಂದು ಇರುವೆಯ ಉದಾಹರಣೆ ಕೊಡುತ್ತಾರೆ. ನಾನು ಅದನ್ನು ನಮ್ಮ ಮನೆಯ ಸೀರೆಗೆ ತಂದೆ. ಆರು ಗಜದ ಸೀರೆಯನ್ನು ನೆಲಕ್ಕೆ ಹಾಸಿ, ಅಂಚಿನ ಮೇಲೆ ಇರುವೆ ಬಿಡಿ. ಈ ಕೊನೆಯಿಂದ ಆ ಕೊನೆಗೆ ಹೋಗಲು ಅದಕ್ಕೆ ಎಷ್ಟೋ ಹೊತ್ತು ಬೇಕು. ಅದೇ ಸೀರೆಯನ್ನು ನಿರಿಗೆ ಹಿಡಿದು ನಿಲ್ಲಿಸಿ. ಒಂದು ಮಡಿಕೆಯಿಂದ ಇನ್ನೊಂದಕ್ಕೆ ದಾಟಲು ಒಂದೇ ಹೆಜ್ಜೆ. ಸೀರೆ ಗಿಡ್ಡವಾಗಲಿಲ್ಲ, ಇರುವೆಯ ವೇಗವೂ ಹೆಚ್ಚಲಿಲ್ಲ.

ಹೋಲಿಕೆ ಚೆನ್ನಾಗಿದೆ, ಹೆಸರು ಮಾತ್ರ ತಪ್ಪು. ಈ ವಿದ್ಯೆಗೆ ಕಾದಂಬರಿಯಲ್ಲಿ 'ಟೆಸರ್ಯಾಕ್ಟ್' ಎಂದು ಹೆಸರಿಟ್ಟು ಅದನ್ನು ಐದನೇ ಆಯಾಮ ಎನ್ನಲಾಗಿದೆ. ಗಣಿತದಲ್ಲಿ ಟೆಸರ್ಯಾಕ್ಟ್ ಎಂದರೆ ನಾಲ್ಕು ಆಯಾಮದ ಘನ. 16 ಮೂಲೆ, 32 ಅಂಚು, 8 ಘನಗಳ ಮೈ. ಹಿಂಟನ್ ಎಂಬ ಗಣಿತಜ್ಞ 1888ರಲ್ಲಿ ಆ ಪದವನ್ನು ಬಳಕೆಗೆ ತಂದ. ಅದರಲ್ಲಿ ಕೂತು ಎಲ್ಲಿಗೂ ಪ್ರಯಾಣ ಮಾಡಲಾಗುವುದಿಲ್ಲ. ಲೆಂಗಲ್ ಹೇಳುವುದಕ್ಕೆ ಹತ್ತಿರವಾದದ್ದು, 1935ರಲ್ಲಿ ಐನ್‌ಸ್ಟೈನ್ ಮತ್ತು ರೋಸೆನ್ ಸಮೀಕರಣಗಳಲ್ಲಿ ಕಂಡ 'ಸೇತುವೆ'. 1988ರಲ್ಲಿ ಕಿಪ್ ಥಾರ್ನ್ ಮತ್ತು ಅವರ ಶಿಷ್ಯ ಮಾರಿಸ್ ಅಂಥ ಸೇತುವೆಯನ್ನು ದಾಟಬೇಕಾದರೆ ಏನೆಲ್ಲ ಬೇಕೆಂದು ಲೆಕ್ಕ ಹಾಕಿದರು. ಅದು ಇಂದಿಗೂ ಕಾಗದದ ಮೇಲೆಯೇ ಇದೆ. ಪುಸ್ತಕದ ವಿಜ್ಞಾನ ಅರೆಬೆಂದದ್ದು ಎಂದು ದೂರುವ ಓದುಗರ ಮಾತಿನಲ್ಲಿ ಸತ್ಯವಿದೆ. ಆದರೆ ಆಯಾಮ ಎಂದರೇನು ಎಂದು ಮೂವತ್ತು ವರ್ಷದ ಸರ್ವೀಸಿನಲ್ಲಿ ಮಕ್ಕಳು ತಾವಾಗಿ ಕೇಳಿದ್ದು ನನಗೆ ಅದೇ ಮೊದಲು.

ಅಮೆರಿಕದ ಪೋಷಕರ ಜಗಳ ಬೇರೆಯದು. ಕತ್ತಲೆಯ ವಿರುದ್ಧ ಹೋರಾಡಿದ ಭೂಮಿಯ ಮಂದಿ ಯಾರು ಎಂಬ ಪ್ರಶ್ನೆ ಕಥೆಯ ನಡುವೆ ಬರುತ್ತದೆ. ಮಕ್ಕಳು ಯೇಸುವಿನ ಹೆಸರು ಹೇಳುತ್ತಾರೆ, ಜೊತೆಗೇ ಷೇಕ್ಸ್‌ಪಿಯರ್, ಪಾಶ್ಚರ್, ಮೇಡಂ ಕ್ಯೂರಿ, ಐನ್‌ಸ್ಟೈನ್, ಬುದ್ಧ, ನಮ್ಮ ಗಾಂಧಿಯವರ ಹೆಸರೂ ಬರುತ್ತದೆ. ದೇವರ ಮಗನನ್ನು ಮನುಷ್ಯರ ಸಾಲಿನಲ್ಲಿ ನಿಲ್ಲಿಸಿದ್ದಾರೆ, ಮುದುಕಿಯರ ಹೆಸರಿನಲ್ಲಿ ಮಾಟಮಂತ್ರ ಕಲಿಸುತ್ತಾರೆ ಎಂದು ಚರ್ಚಿಗೆ ಹೋಗುವ ಕೆಲವರು ಸಿಟ್ಟಾದರು. ಇನ್ನು ಕೆಲವರಿಗೆ ಪುಟಪುಟದಲ್ಲೂ ಬೈಬಲ್ಲಿನ ವಾಸನೆ ಬಂದು, ಇದು ಮಕ್ಕಳ ಕಥೆಯ ವೇಷದ ಉಪದೇಶ ಎನಿಸಿತು. ಒಂದೇ ಪುಸ್ತಕಕ್ಕೆ ಧರ್ಮ ಕಡಿಮೆ ಎಂಬ ದೂರು, ಹೆಚ್ಚು ಎಂಬ ದೂರು! ಲೆಂಗಲ್ ಸ್ವತಃ ಶ್ರದ್ಧಾವಂತ ಕ್ರೈಸ್ತರಾಗಿದ್ದರು. ನಮ್ಮ ತರಗತಿಯಲ್ಲಿ ಆ ಭಾಗಕ್ಕೆ ಯಾವ ಗಲಾಟೆಯೂ ಆಗಲಿಲ್ಲ. ಗಾಂಧಿಯ ಹೆಸರು ಬಂದಾಗ ಚಪ್ಪಾಳೆ ಬಿತ್ತು. ವಿಶ್ವೇಶ್ವರಯ್ಯನವರನ್ನು ಯಾಕೆ ಸೇರಿಸಿಲ್ಲ ಸಾರ್ ಎಂದು ಒಬ್ಬ ಕೇಳಿದ.

ಇನ್ನು 2018ರಲ್ಲಿ ಡಿಸ್ನಿ ಸಂಸ್ಥೆ ತೆಗೆದ ಸಿನಿಮಾ. ಅದಕ್ಕೂ ಬಂದದ್ದು ಮಿಶ್ರ ಅಭಿಪ್ರಾಯವೇ. ಅದರ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ.

ಕಲ್ಪನೆಯ ಕಥೆಯಿಂದ ಮಕ್ಕಳ ತಲೆ ಕೆಡುತ್ತದೆ ಎಂಬ ಮಾತಿಗೆ ಹಳೇಬೀಡಿನಲ್ಲಿ ಕೂತು ಉತ್ತರ ಹುಡುಕುವುದು ಕಷ್ಟವಲ್ಲ. ಹೊಯ್ಸಳೇಶ್ವರ ದೇವಾಲಯದ ಗೋಡೆಯ ಮಕರವನ್ನು ನೋಡಿ. ಸೊಂಡಿಲು ಆನೆಯದು, ಬಾಯಿ ಮೊಸಳೆಯದು, ಬಾಲ ನವಿಲಿನದು. ಜೀವಶಾಸ್ತ್ರದ ಯಾವ ವರ್ಗೀಕರಣಕ್ಕೂ ಒಗ್ಗದ ಪ್ರಾಣಿ. ನಮ್ಮೂರ ಮಕ್ಕಳು ಅದನ್ನು ಹುಟ್ಟಿದಂದಿನಿಂದ ನೋಡುತ್ತಾರೆ. ಆದರೂ ಕೆರೆಯಲ್ಲಿ ಮಕರವಿದೆ ಎಂದು ಈಜಲು ಹೆದರಿದ ಹುಡುಗನನ್ನು ನಾನು ಕಂಡಿಲ್ಲ. ಕುವೆಂಪು ಅವರ ಕಿಂದರಿಜೋಗಿಯನ್ನು ಬಾಯಿಪಾಠ ಮಾಡಿ ಬೆಳೆದ ನಾವು, ಇಲಿಗಳು ಯಾವ ಶಬ್ದತರಂಗಕ್ಕೆ ಮರುಳಾದವು ಎಂದು ಕೇಳಲಿಲ್ಲ. ಆಲಿಸ್‌ಳನ್ನು ನಾ. ಕಸ್ತೂರಿಯವರು 'ಪಾತಾಳದಲ್ಲಿ ಪಾಪಚ್ಚಿ' ಮಾಡಿ ಕನ್ನಡಕ್ಕೆ ತಂದಾಗ ಮಕ್ಕಳು ಬಿಲದೊಳಕ್ಕೆ ಇಳಿದದ್ದೂ ಕೇಳಿಲ್ಲ. ಕಥೆ ಯಾವುದು, ನಿಜ ಯಾವುದು ಎಂಬುದು ಮಕ್ಕಳಿಗೆ ಚೆನ್ನಾಗಿಯೇ ಗೊತ್ತಿರುತ್ತದೆ.

ಹಾಗಾದರೆ ಆ ಹುಡುಗಿ ಲೈಟ್ ಆರಿಸಲು ಬಿಡದಿದ್ದುದು ಯಾಕೆ? ಸೋಮವಾರ ಅವಳನ್ನೇ ಕೇಳಿದೆ. ಮುದುಕಿಯರ ಭಯವಾ ಅಮ್ಮ ಎಂದೆ. ನಕ್ಕಳು. "ಅಲ್ಲ ಸಾರ್, ಆ ಚೆಂಡಿನ ಹುಡುಗ."

ತಂದೆಯನ್ನು ಸೆರೆ ಇಟ್ಟಿರುವ ಗ್ರಹದ ಹೆಸರು ಕಮಾಜೋಟ್ಸ್. ಅಲ್ಲಿ ಎಲ್ಲ ಮನೆಗಳೂ ಒಂದೇ ಅಳತೆ, ಒಂದೇ ಬಣ್ಣ. ಪ್ರತಿ ಮನೆಯ ಮುಂದೆ ಒಂದು ಮಗು ಚೆಂಡು ಪುಟಿಸುತ್ತದೆ ಅಥವಾ ಹಗ್ಗದಾಟ ಆಡುತ್ತದೆ. ಎಲ್ಲ ಚೆಂಡುಗಳೂ ಒಂದೇ ಕ್ಷಣಕ್ಕೆ ನೆಲ ಮುಟ್ಟುತ್ತವೆ. ನಮ್ಮ ದೇವಾಲಯದ ಕೆಳಸಾಲಿನಲ್ಲಿರುವ ನೂರಾರು ಆನೆಗಳಲ್ಲಿ ಒಂದರಂತೆ ಇನ್ನೊಂದಿಲ್ಲ ಎಂದು ಗೈಡುಗಳು ಹೇಳುತ್ತಾರಲ್ಲ, ಇದು ಅದಕ್ಕೆ ತದ್ವಿರುದ್ಧವಾದ ಊರು. ಒಬ್ಬ ಹುಡುಗನಿಗೆ ಮಾತ್ರ ತಾಳ ತಪ್ಪುತ್ತದೆ, ಚೆಂಡು ಕೈಜಾರುತ್ತದೆ. ತಾಯಿ ಗಾಬರಿಯಿಂದ ಅವನನ್ನು ಒಳಕ್ಕೆ ಎಳೆದುಕೊಳ್ಳುತ್ತಾಳೆ. ಚೆಂಡು ಹಿಂದಿರುಗಿಸಲು ಹೋದವರ ಮುಂದೆ, ನಮ್ಮ ಮಕ್ಕಳು ಚೆಂಡು ಬೀಳಿಸುವವರೇ ಅಲ್ಲ ಎಂದು ಸಾಧಿಸುತ್ತಾಳೆ. ಮುಂದೆ ಅದೇ ಹುಡುಗ ಒಂದು ಕೋಣೆಯಲ್ಲಿ ಕಾಣಿಸುತ್ತಾನೆ. ತಾಳಕ್ಕೆ ಸರಿಯಾಗಿ ಚೆಂಡು ಪುಟಿಸುವುದನ್ನು ಅವನಿಗೆ ಕಲಿಸಲಾಗುತ್ತಿದೆ. ಚೆಂಡು ನೆಲಕ್ಕೆ ಬಡಿದಾಗಲೆಲ್ಲ ನೋವಿನಿಂದ ಚೀರುತ್ತಾನೆ. ಆ ಗ್ರಹವನ್ನು ಆಳುವುದು ಒಂದು ದೊಡ್ಡ ಮಿದುಳು. ಎಲ್ಲರ ಪರವಾಗಿ ಅದೊಂದೇ ಯೋಚಿಸುತ್ತದೆ.

ಶೀತಲ ಸಮರದ ಕಾಲದ ಪುಸ್ತಕವಾದ್ದರಿಂದ ಇದು ಕಮ್ಯುನಿಸ್ಟ್ ದೇಶಗಳ ಟೀಕೆ ಎಂದು ಅನೇಕರು ಓದಿಕೊಂಡರು. ಆದರೆ 2015ರಲ್ಲಿ ಲೆಂಗಲ್ ಅವರ ಮೊಮ್ಮಗಳು, ಮೂಲ ಹಸ್ತಪ್ರತಿಯಿಂದ ಕೈಬಿಟ್ಟಿದ್ದ ಮೂರು ಪುಟಗಳನ್ನು ಹೊರತಂದರು. ಅತಿಯಾದ ಭದ್ರತೆಯ ಆಸೆಯಿಂದ ಪ್ರಜಾಪ್ರಭುತ್ವಗಳೂ ಇಂಥ ಸ್ಥಿತಿಗೆ ಬರಬಹುದು ಎಂಬ ಎಚ್ಚರಿಕೆಯನ್ನು ಅಲ್ಲಿ ಮೆಗ್‌ಳ ತಂದೆ ಮಗಳಿಗೆ ಕೊಡುತ್ತಾರೆ. ಮಕ್ಕಳು ಒಂದೇ ಆಟ ಆಡಲಿ, ಜಾರದಿರಲಿ, ಸುರಕ್ಷಿತವಾಗಿರಲಿ ಎಂದು ಬಯಸುವುದು ಸರ್ಕಾರಗಳು ಮಾತ್ರವಲ್ಲ.

ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಮೆಗ್ ಗಣಿತದಲ್ಲಿ ಜಾಣೆ. ಆದರೆ ತಂದೆ ಹೇಳಿಕೊಟ್ಟ ಅಡ್ಡದಾರಿಯಲ್ಲಿ ಲೆಕ್ಕ ಮಾಡುವುದರಿಂದ ಶಿಕ್ಷಕರಿಗೆ ಹಿಡಿಸುವುದಿಲ್ಲ. ಆ ಭಾಗ ಹೇಳುವಾಗ ಹಿಂದಿನ ಬೆಂಚಿನಿಂದ, "ನಮಗೂ ಸ್ಟೆಪ್ಸ್ ಇಲ್ಲ ಅಂತ ಮಾರ್ಕ್ಸ್ ಕಟ್ ಮಾಡ್ತೀರಲ್ಲ ಸಾರ್" ಎಂಬ ದನಿ ಬಂತು. ಉತ್ತರ ಸರಿಯಿದ್ದೂ ನಾನು ಅಂಕ ಕಳೆದಿರುವುದು ನಿಜ. ಈಗ ಅಂಥ ಉತ್ತರ ಕಂಡರೆ ಕರೆದು, ಹೇಗೆ ಮಾಡಿದೆ ಹೇಳು ಎಂದು ಕೇಳುತ್ತೇನೆ. ಅರ್ಧ ಜನ ಪಕ್ಕದವನದನ್ನು ನೋಡಿ ಬರೆದಿರುತ್ತಾರೆ, ಅದು ಬೇರೆ ಮಾತು. ಇನ್ನರ್ಧ ಜನ ಬೋರ್ಡಿನ ಮೇಲೆ ಮಾಡಿ ತೋರಿಸುತ್ತಾರೆ.

ಕಥೆಯ ಮುಕ್ತಾಯದ ಬಗ್ಗೆ ತರಗತಿ ಎರಡು ಪಾಳಯವಾಯಿತು. ಮಿದುಳಿನ ವಶಕ್ಕೆ ಬೀಳದಂತೆ ಮೆಗ್ ಆವರ್ತ ಕೋಷ್ಟಕವನ್ನೂ ವರ್ಗಮೂಲಗಳನ್ನೂ ಜಪಿಸುವ ಭಾಗ ಎಲ್ಲರಿಗೂ ಇಷ್ಟ. ನನಗಂತೂ ಸ್ವರ್ಗ. ಆದರೆ ಕೊನೆಗೆ ಅದರ ಹಿಡಿತದಿಂದ ತಮ್ಮನನ್ನು ಬಿಡಿಸುವುದು ಲೆಕ್ಕವಲ್ಲ, ಅಕ್ಕನ ಪ್ರೀತಿ. ಬಹಳಷ್ಟು ಹುಡುಗಿಯರು ಇದನ್ನು ಮೆಚ್ಚಿದರು. ಕೆಲವು ಹುಡುಗರಿಗೆ ಇದು ಮೋಸ ಎನಿಸಿತು. "ಇಷ್ಟು ಸುಲಭ ಇದ್ರೆ ಮೊದಲೇ ಮಾಡಬಹುದಿತ್ತು" ಎಂಬುದು ಅವರ ವಾದ. ಕ್ಲೈಮ್ಯಾಕ್ಸ್ ಅವಸರದ್ದು ಎಂದು ದೂರಿದ ಅಮೆರಿಕದ ಓದುಗರೂ ಕಡಿಮೆಯಿಲ್ಲ. ಅವರ ಪರವಾಗಿಯೇ ನಾನೂ ಕೈ ಎತ್ತಿದೆ.

ಲೈಟಿನ ಹುಡುಗಿಯ ಆಕ್ಷೇಪ ಇವೆಲ್ಲಕ್ಕಿಂತ ದೊಡ್ಡದು. ಮೆಗ್ ತಂದೆಯನ್ನು ಬಿಡಿಸಿದಳು, ತಮ್ಮನನ್ನು ಬಿಡಿಸಿದಳು, ಎಲ್ಲರೂ ಮನೆಗೆ ಬಂದರು. ಕಮಾಜೋಟ್ಸ್ ಹಾಗೆಯೇ ಉಳಿಯಿತು. "ಆ ಹುಡುಗನ್ನ ಯಾರೂ ಬಿಡಿಸಲಿಲ್ಲ ಸಾರ್. ಅವನು ಇನ್ನೂ ಆ ರೂಮಲ್ಲೇ ಇದಾನೆ" ಎಂದಳು. ಪುಸ್ತಕವನ್ನು ತಿರುವಿ ನೋಡಿದೆ. ಅವಳ ಮಾತು ನಿಜ. ಪದಕ ಕೊಟ್ಟವರು ಇದನ್ನು ಗಮನಿಸಿದ್ದರೋ ಏನೋ.

ಅವಳ ತಾಯಿಗೆ ಈ ಮಾತನ್ನು ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಸದ್ದಿಲ್ಲ. ಆಮೇಲೆ, "ಅವಳಿಗೆ ಹೋದ ಟೆಸ್ಟ್‌ನಲ್ಲಿ ಮಾರ್ಕ್ಸ್ ಕಡಿಮೆ ಬಂದಿತ್ತು ಸಾರ್, ನಾವು ಒಂದಷ್ಟು ಬೈದಿದ್ವಿ" ಎಂದರು. ಮರುವಾರ ಹುಡುಗಿ ಎರಡು ಹಾಳೆ ತಂದುಕೊಟ್ಟಳು. ಕಥೆಯನ್ನು ಅವಳೇ ಮುಂದುವರಿಸಿದ್ದಳು. ಮೆಗ್ ಮತ್ತೆ ಕಮಾಜೋಟ್ಸ್‌ಗೆ ಹೋಗುತ್ತಾಳೆ, ಈ ಸಲ ಹಳೇಬೀಡಿನ ಒಬ್ಬ ಹುಡುಗಿಯೂ ಜೊತೆಗಿದ್ದಾಳೆ. ಇಬ್ಬರೂ ಬೀದಿಯ ಎಲ್ಲ ಮಕ್ಕಳ ಕೈಯಿಂದ ಚೆಂಡು ಕಸಿದು ಕೆರೆಗೆ ಎಸೆಯುತ್ತಾರೆ. ಒಂದು ಕಡೆ ಒತ್ತಕ್ಷರ ತಪ್ಪಿತ್ತು, ಅದನ್ನು ಮಾತ್ರ ತಿದ್ದಿ ಹಿಂದಕ್ಕೆ ಕೊಟ್ಟೆ.