ಹಲಗೆ ಒಣಗಿದರೆ ಡೆಕ್ ಉಳಿದೀತು

ಮನೆಯ ಕೈತೋಟದಲ್ಲಿ, ತಾರಸಿಯಲ್ಲಿ ಮರದ ಡೆಕ್ ಹಾಕಿಸುವವರು ನಮ್ಮ ನಗರಗಳಲ್ಲಿ ಹೆಚ್ಚುತ್ತಿದ್ದಾರೆ. ಕಲ್ಲು, ಟೈಲ್ಸ್‌ಗಳಿಗಿಂತ ಮರ ಶಾಖವನ್ನು ನಿಧಾನವಾಗಿ ದಾಟಿಸುತ್ತದೆ. ಬಿಸಿಲಿನಲ್ಲೂ ಬರಿಗಾಲಿಗೆ ಹಿತ. ಆದರೆ ಕೆಲವೇ ಮಳೆಗಾಲ ಕಳೆಯುವಷ್ಟರಲ್ಲಿ ಹಲಗೆ ಡೊಂಕಾಗಿ, ಸ್ಕ್ರೂ ಸುತ್ತ ಕಪ್ಪುಗಟ್ಟಿ, ಅಂಚು ಲಡ್ಡು ಹಿಡಿದ ಡೆಕ್‌ಗಳೂ ಕಾಣಸಿಗುತ್ತವೆ. ತಪ್ಪೆಲ್ಲ ಮಳೆಯದೇ ಎಂದುಕೊಳ್ಳುತ್ತೇವೆ. ನಿಜಕ್ಕೂ ಮರವನ್ನು ಕೆಡಿಸುವುದು ಮೇಲೆ ಬಿದ್ದ ನೀರಲ್ಲ, ಹೊರಹೋಗಲು ದಾರಿಯಿಲ್ಲದೆ ಒಳಗೇ ನಿಂತ ನೀರು.

ಮರ ಎಂದರೆ ಉದ್ದುದ್ದ ಕೊಳವೆಗಳ ಒಂದು ಕಟ್ಟು. ಹಲಗೆಯ ಮೇಲ್ಮೈಗಿಂತ ಅದರ ಕೊಯ್ದ ತುದಿ ಬಲುಬೇಗ ನೀರು ಹೀರುವುದು ಇದರಿಂದಲೇ: ಅಲ್ಲಿ ಕೊಳವೆಗಳ ಬಾಯಿ ತೆರೆದಿರುತ್ತದೆ. ಕೊಳವೆಯ ಗೋಡೆಗಳು ಒಣಮರದ ತೂಕದ ಸುಮಾರು ಶೇ. 30ರಷ್ಟು ನೀರನ್ನು ಹಿಡಿದಿಟ್ಟುಕೊಳ್ಳಬಲ್ಲವು. ಅದಕ್ಕಿಂತ ಹೆಚ್ಚಾದ ನೀರು ಕೊಳವೆಯ ಒಳಗೆ ತುಂಬಿಕೊಳ್ಳುತ್ತದೆ. ಮರ ಕೊಳೆಸುವ ಶಿಲೀಂಧ್ರಗಳಿಗೆ ಬೇಕಾದದ್ದು ಈ ಹೆಚ್ಚಿನ ನೀರು ಮತ್ತು ಗಾಳಿ. ತೇವಾಂಶ ಶೇ. 20ರ ಒಳಗಿದ್ದರೆ ಅವು ಬೆಳೆಯಲಾರವು. ಮಳೆಯಲ್ಲಿ ನೆನೆದ ಹಲಗೆ ಬೇಗ ಒಣಗಿದರೆ ಅಪಾಯವಿಲ್ಲ. ವಾರಗಟ್ಟಲೆ ಒದ್ದೆಯಾಗಿಯೇ ಉಳಿದರೆ ಕೊಳೆಯುವುದು ಶುರುವಾಗುತ್ತದೆ.

ಮರ ಆರಿಸುವಾಗ ಜಾತಿಯ ಹೆಸರೊಂದನ್ನೇ ನಂಬಬಾರದು. ಕಾಂಡದ ಹೊರವಲಯದ ಬಿಳುಪು ಭಾಗ ಜೀವಂತ ಮರದಲ್ಲಿ ನೀರು ಸಾಗಿಸುತ್ತದೆ, ಪಿಷ್ಟ ಕೂಡಿಡುತ್ತದೆ. ಹುಳು, ಶಿಲೀಂಧ್ರಗಳಿಗೆ ಅದು ಸುಲಭದ ಊಟ. ಒಳಗಿನ ಚೇಗಿನಲ್ಲಿ ಮರ ತಾನೇ ತಯಾರಿಸಿದ ರಕ್ಷಕ ರಾಸಾಯನಿಕಗಳು ಸೇರಿಕೊಂಡಿರುತ್ತವೆ. ತೇಗದ ಚೇಗಿನಲ್ಲಿರುವ ಟೆಕ್ಟೋಕ್ವಿನೋನ್ ಗೆದ್ದಲನ್ನು ದೂರವಿಡುತ್ತದೆ. ಭಾರತೀಯ ಮಾನದಂಡದಲ್ಲಿ ಮರದ ಬಾಳಿಕೆ ಅಳೆಯಲು ಚೇಗಿನ ತುಂಡುಗಳನ್ನು ನೆಲದಲ್ಲಿ ಹೂತು ನೋಡುತ್ತಾರೆ. ಸರಾಸರಿ 120 ತಿಂಗಳು ಅಥವಾ ಅದಕ್ಕಿಂತ ಹೆಚ್ಚು ತಾಳಿದರೆ ಮೊದಲ ದರ್ಜೆ, 60 ತಿಂಗಳೂ ತಾಳದಿದ್ದರೆ ಕೊನೆಯ ದರ್ಜೆ. ಈ ದರ್ಜೆ ಬಿಳುಪಿಗೆ ಅನ್ವಯಿಸುವುದೇ ಇಲ್ಲ. ಎಳೆಯ ಮರದ ತೇಗದಲ್ಲಿ ಬಿಳುಪೇ ಹೆಚ್ಚು. ಆದ್ದರಿಂದ ಹಲಗೆಯನ್ನು ತಿರುಗಿಸಿ ನಾಲ್ಕೂ ಬದಿ ನೋಡಿ. ಅಂಚಿನಲ್ಲಿ ಬಿಳಿಯ ಪಟ್ಟೆಯಿದ್ದರೆ ಲಡ್ಡು ಹಿಡಿಯುವುದು ಅಲ್ಲಿಂದಲೇ.

ಪೈನ್‌ನಂಥ ಮೆದುಮರಕ್ಕೆ ಔಷಧಿ ಉಣಿಸಲೇಬೇಕು. ಈ ವಿದ್ಯೆಯ ದೊಡ್ಡ ಹೆಜ್ಜೆಯೊಂದು ನಮ್ಮ ದೇಶದ್ದೇ. ಡೆಹ್ರಾಡೂನ್‌ನ ಅರಣ್ಯ ಸಂಶೋಧನಾ ಸಂಸ್ಥೆಯ ಸೋಂಟಿ ಕಾಮೇಶಂ 1933ರಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್‌ಗಳ ಮಿಶ್ರಣವನ್ನು ಕಂಡುಹಿಡಿದರು. ತಾಮ್ರ ಶಿಲೀಂಧ್ರವನ್ನು ತಡೆದರೆ, ಆರ್ಸೆನಿಕ್ ಹುಳುಗಳನ್ನು ತಡೆಯಿತು. ಕ್ರೋಮಿಯಂ ಇವೆರಡನ್ನೂ ಮಳೆಗೆ ತೊಳೆದುಹೋಗದಂತೆ ಮರದಲ್ಲಿ ಬಿಗಿಹಿಡಿಯಿತು. ಈ ಮಿಶ್ರಣ ಜಗತ್ತಿನಾದ್ಯಂತ ಬಳಕೆಗೆ ಬಂತು. ಆರ್ಸೆನಿಕ್‌ನ ಆತಂಕದಿಂದ ಅಮೆರಿಕದಲ್ಲಿ 2003ರ ಕೊನೆಗೆ ಮನೆಬಳಕೆಯ ಮರಕ್ಕೆ ಇದನ್ನು ಉಣಿಸುವುದು ನಿಂತಿತು. ಈಗಿನ ಆರ್ಸೆನಿಕ್‌ರಹಿತ ಔಷಧಿಗಳಲ್ಲಿ ತಾಮ್ರ ಹೆಚ್ಚು. ಅದು ಸಾಮಾನ್ಯ ಕಬ್ಬಿಣದ ಸ್ಕ್ರೂಗಳನ್ನು ಬೇಗ ತಿನ್ನುತ್ತದೆ. ಹೀಗಾಗಿ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂಗಳನ್ನೇ ಕೇಳಿ ಹಾಕಿಸಿ. ಹಳೆಯ ಡೆಕ್ ಕಿತ್ತಾಗ ಔಷಧಿ ಉಣಿಸಿದ ಮರವನ್ನು ಒಲೆಗೆ ಹಾಕಲೇಬಾರದು. ಹೊಗೆಯೂ ಬೂದಿಯೂ ವಿಷ.

ಮರದ ಪುಡಿ ಮತ್ತು ಪ್ಲಾಸ್ಟಿಕ್ ಬೆರೆಸಿದ ಡಬ್ಲ್ಯುಪಿಸಿ ಹಲಗೆಗಳಿಗೆ ಎಣ್ಣೆ ಹಚ್ಚುವ ಗೋಜಿಲ್ಲ, ಗೆದ್ದಲ ಕಾಟವೂ ಕಡಿಮೆ. ಆದರೆ ಗಾಢ ಬಣ್ಣದವು ಏಪ್ರಿಲ್ ಬಿಸಿಲಿಗೆ ಕಾಲಿಡಲಾಗದಷ್ಟು ಕಾಯಬಲ್ಲವು. ಶಾಖಕ್ಕೆ ಉದ್ದವಾಗಿಯೂ ಹಿಗ್ಗುವುದರಿಂದ ತುದಿ-ತುದಿಗಳ ನಡುವೆಯೂ ಅಂತರ ಬೇಕು.

ಮರ ಹಿಗ್ಗಿ ಕುಗ್ಗುವುದು ಮುಖ್ಯವಾಗಿ ಅಗಲದಲ್ಲಿ. ಉದ್ದದಲ್ಲಿ ತೀರಾ ಅತ್ಯಲ್ಪ. 100 ಮಿ.ಮೀ. ಅಗಲದ ತೇಗದ ಹಲಗೆಯ ತೇವಾಂಶ ಶೇ. 20ರಿಂದ 10ಕ್ಕೆ ಇಳಿದರೆ, ಅದನ್ನು ಸೀಳಿದ ರೀತಿಗೆ ತಕ್ಕಂತೆ ಅದು 1ರಿಂದ 2 ಮಿ.ಮೀ. ಕುಗ್ಗುತ್ತದೆ. ಹಲಗೆಗಳ ನಡುವೆ 5–6 ಮಿ.ಮೀ. ಸಂದು ಬಿಡುವುದು ಈ ಹಿಗ್ಗು-ಕುಗ್ಗಿಗಾಗಿ; ನೀರು ಇಳಿಯಲು, ಗಾಳಿ ಏರಲು ದಾರಿಯೂ ಅದೇ. ಕೆಳಗಿನ ತೊಲೆಗಳು ಮಣ್ಣಿಗೆ ತಾಗಲೇಬಾರದು. ನಮ್ಮ ಹಳೆಯ ತೊಟ್ಟಿಮನೆಗಳಲ್ಲಿ ಮರದ ಕಂಬವನ್ನು ಕಲ್ಲಿನ ಪೀಠದ ಮೇಲೆ ನಿಲ್ಲಿಸುತ್ತಿದ್ದರು. ಬುಡಕ್ಕೆ ತೇವ ಏರುತ್ತಿರಲಿಲ್ಲ, ಗೆದ್ದಲು ಏರಿದರೂ ಮಣ್ಣಿನ ಗೂಡು ಕಣ್ಣಿಗೆ ಬೀಳುತ್ತಿತ್ತು. ಡೆಕ್‌ನ ತೊಲೆಗೂ ಬೇಕಾದದ್ದು ಇದೇ ಉಪಚಾರ: ಕಲ್ಲು ಅಥವಾ ಕಾಂಕ್ರೀಟ್ ದಿಮ್ಮಿಯ ಆಸರೆ, ಕೆಳಗೆ ಗಾಳಿಯಾಡಲು ಜಾಗ, ನೀರು ಹರಿದುಹೋಗಲು ಇಳಿಜಾರು.

ವರ್ಷ ಕಳೆದಂತೆ ಮರ ಬೂದುಬಣ್ಣಕ್ಕೆ ತಿರುಗುವುದು ಕೊಳೆತದ ಲಕ್ಷಣವಲ್ಲ. ಬಿಸಿಲಿನ ಅತಿನೇರಳೆ ಕಿರಣಗಳು ಮೇಲ್ಪದರದ ಲಿಗ್ನಿನ್ ಅನ್ನು ಒಡೆಯುತ್ತವೆ, ಮಳೆ ಅದನ್ನು ತೊಳೆಯುತ್ತದೆ, ಮಾಸಲು ಸೆಲ್ಯುಲೋಸ್ ಉಳಿಯುತ್ತದೆ. ಬಣ್ಣ ಉಳಿಯಬೇಕೆಂದರೆ ವರ್ಣದ್ರವ್ಯ ಬೆರೆತ ಡೆಕ್ ಎಣ್ಣೆ ಹಚ್ಚಿ. ಕಿರಣಗಳನ್ನು ತಡೆಯುವುದು ಆ ವರ್ಣದ್ರವ್ಯವೇ. ಹೊಳೆಯುವ ವಾರ್ನಿಷ್ ಹೊರಗಿನ ನೆಲಕ್ಕೆ ಒಗ್ಗದು. ಹಲಗೆ ಹಿಗ್ಗಿ ಕುಗ್ಗುವಾಗ ಅದು ಬಿರಿಯುತ್ತದೆ, ಬಿರುಕಿನಿಂದ ಒಳಹೊಕ್ಕ ನೀರಿಗೆ ಒಣಗಿ ಹೊರಬರಲು ಅದೇ ಪದರ ಅಡ್ಡಿ. ಮಳೆಗಾಲ ಮುಗಿದು ಮರ ಚೆನ್ನಾಗಿ ಆರಿದ ಮೇಲೆ ಹಲಗೆಯ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ. ಮಣಿಯಂತೆ ನಿಂತರೆ ಎಣ್ಣೆ ಇನ್ನೂ ಇದೆ. ಕೂಡಲೇ ಇಂಗಿದರೆ ಮತ್ತೆ ಹಚ್ಚಬೇಕು. ಕೊಯ್ದ ತುದಿಗಳಿಗೆ ಎರಡು ಸಲ ಹಚ್ಚಿ.

ಉಳಿದದ್ದು ಪೊರಕೆಯ ಕೆಲಸ. ಸಂದಿಯಲ್ಲಿ ಸಿಕ್ಕಿದ ಎಲೆ, ಮಣ್ಣನ್ನು ತೆಗೆಯಿರಿ. ಹೂಕುಂಡಗಳನ್ನು ಕಾಲು ಕೊಟ್ಟು ಎತ್ತರಿಸಿ. ಜಾರುವ ಪಾಚಿಯನ್ನು ಮೆದು ಬ್ರಷ್‌ನಿಂದ ಉಜ್ಜಿ; ಜೋರುನೀರಿನ ಯಂತ್ರ ಬಳಸಿದರೆ ನಾರು ಎದ್ದುಬರುತ್ತದೆ. ವರ್ಷಕ್ಕೊಮ್ಮೆ ಅಂಚು, ಕೂಡುಜಾಗಗಳಿಗೆ ಸ್ಕ್ರೂಡ್ರೈವರ್ ತುದಿ ಒತ್ತಿ ನೋಡಿ. ಸಲೀಸಾಗಿ ಒಳಹೋದರೆ ಆ ಹಲಗೆಯನ್ನು ತಡಮಾಡದೆ ಬದಲಿಸಿ, ನೀರು ಎಲ್ಲಿಂದ ಬಂತೆಂದು ಹುಡುಕಿ.

ತೇಗದ ಮರವೊಂದು ದಪ್ಪನೆಯ ಚೇಗು ಕಟ್ಟಲು ದಶಕಗಳೇ ಬೇಕು. ನಾಲ್ಕೈದು ವರ್ಷಕ್ಕೆ ಡೆಕ್ ಕೊಳೆಸಿ ಹೊಸ ಹಲಗೆ ತರುವುದು ನಮ್ಮ ಜೇಬಿಗಷ್ಟೇ ಅಲ್ಲ, ಕಾಡಿಗೂ ನಷ್ಟ. ಹಾಗಾಗಿ ಗುತ್ತಿಗೆದಾರರ ಬಳಿ ಮೊದಲು ಕೇಳಬೇಕಾದದ್ದು ಬಣ್ಣ, ಬೆಲೆಗಳನ್ನಲ್ಲ. ಮಳೆ ನಿಂತ ಮೇಲೆ ಈ ಡೆಕ್ ಹೇಗೆ ಒಣಗುತ್ತದೆ ಎಂಬುದನ್ನು.