ಹಿಮಾಂಗಣದ ಮೊದಲಿಗ ವಿಲಿ ಓರೀ

ಹುಲ್ಲಿನ ಮೈದಾನದ ಹಾಕಿಯನ್ನು ಬಲ್ಲ ನಮಗೆ, ಕೆನಡಾ ದೇಶದ ಜನರು ಪ್ರಾಣದಂತೆ ಪ್ರೀತಿಸುವ ಐಸ್ ಹಾಕಿಯು ಬಹುಮಟ್ಟಿಗೆ ಅಪರಿಚಿತವೇ. ಹೆಪ್ಪುಗಟ್ಟಿದ ನೀರಿನ ಅಂಗಣ, ಉಕ್ಕಿನ ಅಲಗಿನ ಸ್ಕೇಟುಗಳು, ಚೆಂಡಿನ ಸ್ಥಾನದಲ್ಲಿ ‘ಪಕ್’ ಎಂಬ ಮೂರು ಅಂಗುಲ ಅಗಲದ ಗಟ್ಟಿ ರಬ್ಬರಿನ ಬಿಲ್ಲೆ, ಪಕ್ಷವೊಂದಕ್ಕೆ ಆರೇ ಮಂದಿ. ಇದು ಆ ಆಟದ ಸ್ವರೂಪ. ಅದರ ಅತ್ಯುನ್ನತ ವೃತ್ತಿಪರ ಸಂಘವಾದ ನ್ಯಾಷನಲ್ ಹಾಕಿ ಲೀಗಿನಲ್ಲಿ ಆಡಿದ ಪ್ರಥಮ ಕೃಷ್ಣವರ್ಣೀಯರು ವಿಲಿ ಓರೀ. 1958ರ ಜನವರಿ 18ರಂದು ಮಾಂಟ್ರಿಯಲ್ ನಗರದಲ್ಲಿ ಬಾಸ್ಟನ್ ಬ್ರುಯಿನ್ಸ್ ತಂಡದ ಪರವಾಗಿ ಅವರು ಕಣಕ್ಕಿಳಿದರು. ಬ್ರುಯಿನ್ಸ್ 3–0 ಗೋಲುಗಳಿಂದ ಗೆದ್ದಿತು.

1935ರಲ್ಲಿ ಕೆನಡಾದ ಫ್ರೆಡರಿಕ್ಟನ್ ಪಟ್ಟಣದಲ್ಲಿ, ಅಮೆರಿಕದ ದಾಸ್ಯದಿಂದ ಪಾರಾಗಿ ಬಂದವರ ವಂಶದಲ್ಲಿ, ಹದಿಮೂರು ಮಕ್ಕಳ ಪೈಕಿ ಕಿರಿಯರಾಗಿ ಅವರು ಜನಿಸಿದರು. 1949ರಲ್ಲಿ ಬಾಲಕರ ಬೇಸ್‌ಬಾಲ್ ತಂಡದೊಡನೆ ನ್ಯೂಯಾರ್ಕಿಗೆ ಹೋದಾಗ, ಆ ಆಟದಲ್ಲಿ ವರ್ಣಭೇದದ ಕಟ್ಟನ್ನು ಎರಡು ವರ್ಷ ಮೊದಲೇ ಮುರಿದಿದ್ದ ಜ್ಯಾಕಿ ರಾಬಿನ್ಸನ್ನರನ್ನು ಕಂಡು, ತಾನು ಹಾಕಿಯನ್ನೂ ಆಡುವೆನೆಂದು ಹೇಳಿಕೊಂಡ ಆ ಹುಡುಗನನ್ನು, ರಾಬಿನ್ಸನ್ನರು 1962ರಲ್ಲಿ ಮತ್ತೆ ಭೇಟಿಯಾದಾಗಲೂ ಮರೆತಿರಲಿಲ್ಲ.

ಇಪ್ಪತ್ತರ ಹರೆಯದಲ್ಲಿ, ಪಂದ್ಯವೊಂದರ ನಡುವೆ, ಪಕ್ ಬಂದು ಮುಖಕ್ಕೆ ಅಪ್ಪಳಿಸಿ ಅವರ ಬಲಗಣ್ಣಿನ ದೃಷ್ಟಿಯನ್ನು ಬಹುಪಾಲು ಅಪಹರಿಸಿತು. ಇನ್ನು ಆಟದ ಆಸೆ ಬೇಡವೆಂದರು ವೈದ್ಯರು. ಒಂದೇ ಕಣ್ಣಿನವರಿಗೆ ಲೀಗಿನ ನಿಯಮದಲ್ಲಿ ಪ್ರವೇಶವಿರಲಿಲ್ಲವಾದುದರಿಂದ, ಅತ್ಯಂತ ಆಪ್ತರ ಹೊರತು ಯಾರಿಗೂ ತಿಳಿಸದೆ, ಓರೀ ಕೆಲವೇ ವಾರಗಳಲ್ಲಿ ಮತ್ತೆ ಅಂಗಣಕ್ಕೆ ಮರಳಿದರು.

ಆ ಮೌನದ ಬೆಲೆಯೆಷ್ಟೆಂಬುದು ಆಟದ ರೀತಿಯನ್ನು ನೋಡಿದರೆ ವಿಶದವಾಗುತ್ತದೆ. ಅವರದು ಎಡಪಾರ್ಶ್ವದ ಸ್ಥಾನ. ಅಂಗಣದ ಎಡ ಅಂಚಿನಲ್ಲಿ ಧಾವಿಸುವವನಿಗೆ ಪಕ್ ಬರುವುದೂ ಎದುರಾಳಿ ಎರಗುವುದೂ ಹೆಚ್ಚಾಗಿ ಬಲಗಡೆಯಿಂದಲೇ. ಅವರು ಓಟದ ನಡುವೆ ಕತ್ತನ್ನು ಪೂರ್ತಿ ಹೊರಳಿಸಿ ಎಡಗಣ್ಣಿನಿಂದಲೇ ಎಲ್ಲವನ್ನೂ ಕಾಣಬೇಕಾಗುತ್ತಿತ್ತು. ಮುಂದೆ ಲಾಸ್ ಏಂಜಲೀಸಿನ ತಂಡದಲ್ಲಿ ಅವರನ್ನು ಬಲಪಾರ್ಶ್ವಕ್ಕೆ ಕಳುಹಿಸಿದಾಗ ಇಡೀ ಆಟವೇ ಒಳ್ಳೆಯ ಕಣ್ಣಿನ ಕಡೆಗೆ ಬಂದಿತು. ಪಕ್ಕನ್ನು ಕೋಲಿನ ಹಿಂಬದಿಯಿಂದ ಹಿಡಿಯುವುದನ್ನು ಹೊಸದಾಗಿ ಅಭ್ಯಾಸ ಮಾಡಿ, ವೆಸ್ಟರ್ನ್ ಹಾಕಿ ಲೀಗಿನಲ್ಲಿ 1964–65 ಹಾಗೂ 1968–69ರಲ್ಲಿ ಅವರು ತಲಾ 38 ಗೋಲುಗಳನ್ನು ಹೊಡೆದರು.

ನ್ಯಾಷನಲ್ ಲೀಗಿನಲ್ಲಿ ಅವರು ಆಡಿದ್ದು 45 ಪಂದ್ಯ, ಹೊಡೆದದ್ದು 4 ಗೋಲು. ಪ್ರೇಕ್ಷಕರ ನಿಂದೆಯನ್ನು ಸಹಿಸಿದರು. ಚಿಕಾಗೋದಲ್ಲಿ ಎದುರಾಳಿಯೊಬ್ಬನ ಕೋಲಿನ ಪೆಟ್ಟಿಗೆ ಮುಂದಿನ ಎರಡು ಹಲ್ಲುಗಳನ್ನು ಕಳೆದುಕೊಂಡರು. 1961ರಲ್ಲಿ ಅವರು ಆ ಲೀಗನ್ನು ಬಿಟ್ಟ ಮೇಲೆ ಇನ್ನೊಬ್ಬ ಕೃಷ್ಣವರ್ಣೀಯನು ಅಲ್ಲಿಗೆ ಬಂದದ್ದು 1974ರಲ್ಲಿ. ಬಾಗಿಲು ತೆರೆದ ಮಾತ್ರಕ್ಕೆ ದಾರಿ ಸುಗಮವಾಗಲಿಲ್ಲವೆಂಬುದನ್ನು ಓರೀಯವರಷ್ಟು ಸ್ಪಷ್ಟವಾಗಿ ಅರಿತವರು ವಿರಳ. 1979ರಲ್ಲಿ ನಿವೃತ್ತರಾದ ಅವರು, 1998ರಿಂದ ಲೀಗಿನ ರಾಯಭಾರಿಯಾಗಿ ಊರೂರು ಸುತ್ತಿ, ಹಿಮಾಂಗಣವನ್ನೇ ಕಾಣದ ಬಡ ಮಕ್ಕಳ ಕಾಲಿಗೆ ಸ್ಕೇಟು ಕಟ್ಟಿಸುವ ಕಾರ್ಯಕ್ಕೆ ತಮ್ಮನ್ನು ಅರ್ಪಿಸಿಕೊಂಡರು.

2018ರಲ್ಲಿ ಹಾಕಿ ಕೀರ್ತಿಭವನವು ಅವರಿಗೆ ಸ್ಥಾನವಿತ್ತದ್ದು ಆಟಗಾರರ ಸಾಲಿನಲ್ಲಲ್ಲ, ಆಟವನ್ನು ಕಟ್ಟಿದವರ ಸಾಲಿನಲ್ಲಿ. ಅದು ನ್ಯಾಯವಾದ ತೀರ್ಮಾನ. 2022ರ ಜನವರಿ 18ರಂದು ಬ್ರುಯಿನ್ಸ್ ಅವರ 22ನೆಯ ಸಂಖ್ಯೆಯನ್ನು ಇನ್ನಾರಿಗೂ ಕೊಡದಂತೆ ಗೌರವಪೂರ್ವಕವಾಗಿ ಮೀಸಲಿರಿಸಿತು.