ರಕ್ತದೊತ್ತಡದ ಮಾತ್ರೆ ಮತ್ತು ಒಣಕೆಮ್ಮು

ಮನೆಯಲ್ಲಿ ಹಿರಿಯರೊಬ್ಬರಿಗೆ ತಿಂಗಳುಗಟ್ಟಲೆ ಕೆಮ್ಮು. ಕಫವಿಲ್ಲ, ಜ್ವರವಿಲ್ಲ, ಗಂಟಲು ಕೆರೆದಂತಾಗುವುದು, ಕೆಮ್ಮುವುದು. ರಾತ್ರಿ ಮಲಗಿದರೆ ಮತ್ತಷ್ಟು. ಶುಂಠಿಯ ಕಷಾಯವಾಯಿತು, ಜೇನುತುಪ್ಪವಾಯಿತು, ಅಂಗಡಿಯ ಔಷಧ ಎರಡು ಮೂರು ಸೀಸೆ ಬರಿದಾದುವು. ಎದೆಯ ಕ್ಷಕಿರಣ ಚಿತ್ರದಲ್ಲಿಯೂ ದೋಷವಿಲ್ಲ. ಇಂಥ ಕೆಮ್ಮಿನ ಮೂಲ ಕೆಲವು ವೇಳೆ ಅವರು ದಿನವೂ ತಪ್ಪದೆ ನುಂಗುವ ರಕ್ತದೊತ್ತಡದ ಮಾತ್ರೆಯಲ್ಲಿಯೇ ಇರುತ್ತದೆ ಎಂದರೆ ನಿಮಗೆ ಬೆರಗಾದೀತು.

ಎಲ್ಲ ಮಾತ್ರೆಗಳ ಮೇಲೂ ಈ ಆಪಾದನೆ ಇಲ್ಲ. ಎನಲಾಪ್ರಿಲ್, ರಾಮಿಪ್ರಿಲ್, ಲಿಸಿನೋಪ್ರಿಲ್ ಹೀಗೆ ‘ಪ್ರಿಲ್’ ಎಂದು ಮುಗಿಯುವ ಹೆಸರಿನವುಗಳ ಮೇಲೆ ಮುಖ್ಯವಾಗಿ ಉಂಟು. ವ್ಯಾಕರಣ ಹೇಳಿಕೊಡುವ ನನಗೆ ಇದು ಪ್ರತ್ಯಯದಂತೆಯೇ ತೋರುತ್ತದೆ: ಪ್ರಕೃತಿ ಬೇರೆ ಬೇರೆ, ಪ್ರತ್ಯಯ ಒಂದೇ, ಗುಣವೂ ಬಹುಮಟ್ಟಿಗೆ ಒಂದೇ. ಆದರೆ ಮಾತ್ರೆಯ ಹಾಳೆಯ ಮೇಲೆ ಕಂಪೆನಿ ಇಟ್ಟ ಹೆಸರೂ ಇರುತ್ತದೆ. ನೀವು ಓದಬೇಕಾದದ್ದು ಮೂಲ ಔಷಧದ ಹೆಸರನ್ನು.

ಈ ವರ್ಗದ ಹುಟ್ಟಿಗೆ ಹಾವಿನ ವಿಷ ಕಾರಣವೆಂಬುದು ಸ್ವಾರಸ್ಯದ ಸಂಗತಿ. ಬ್ರೆಜಿಲ್ ದೇಶದಲ್ಲಿ ಜರರಾಕ ಎಂಬ, ನಮ್ಮ ಮಂಡಲದ ಹಾವಿನ ಬಳಗದ ಸರ್ಪವಿದೆ. ೧೯೪೮ರಲ್ಲಿ ಅಲ್ಲಿಯ ರೋಶಾ ಇ ಸಿಲ್ವ ಮತ್ತು ಅವರ ಜೊತೆಗಾರರು, ಅದರ ವಿಷ ರಕ್ತದೊಡನೆ ಬೆರೆತಾಗ ಒತ್ತಡವನ್ನು ಇಳಿಸುವ ವಸ್ತುವೊಂದು ಹುಟ್ಟುವುದನ್ನು ಕಂಡರು. ಅದು ಕರುಳಿನ ತುಂಡನ್ನು ಮೆಲ್ಲಮೆಲ್ಲನೆ ಕುಗ್ಗಿಸುತ್ತಿದ್ದುದರಿಂದ ‘ಬ್ರಾಡಿಕೈನಿನ್’ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ‘ಬ್ರಾಡಿಸ್’ ಎಂದರೆ ನಿಧಾನ. ಆ ವಸ್ತು ಬೇಗ ನಾಶವಾಗದಂತೆ ತಡೆಯುವ ಅಂಶವೂ ಅದೇ ವಿಷದಲ್ಲಿದೆಯೆಂದು ೧೯೬೫ರಲ್ಲಿ ಸೆರ್ಜಿಯೊ ಫೆರೇರ ತೋರಿಸಿಕೊಟ್ಟರು. ಈ ಜಾಡು ಹಿಡಿದು ಅಮೆರಿಕೆಯ ಕುಶ್ಮನ್ ಮತ್ತು ಒಂಡೆಟ್ಟಿ ಎಂಬವರು ನುಂಗಬಹುದಾದ ಕ್ಯಾಪ್ಟೊಪ್ರಿಲನ್ನು ರೂಪಿಸಿದರು. ೧೯೮೧ರಲ್ಲಿ ಅದಕ್ಕೆ ಆ ದೇಶದಲ್ಲಿ ಮನ್ನಣೆ ದೊರೆಯಿತು.

ಕೆಮ್ಮಿನ ಗುಟ್ಟೂ ಇಲ್ಲಿಯೇ ಇದೆ. ನಮ್ಮ ಶರೀರದ ಒಂದು ಕಿಣ್ವಕ್ಕೆ ಎರಡು ಕೆಲಸ. ರಕ್ತನಾಳಗಳನ್ನು ಬಿಗಿಯುವ ವಸ್ತುವನ್ನು ಸಿದ್ಧಪಡಿಸುವುದು ಒಂದು. ಬ್ರಾಡಿಕೈನಿನನ್ನು ಒಡೆದುಹಾಕುವುದು ಇನ್ನೊಂದು. ಮಾತ್ರೆ ಆ ಕಿಣ್ವದ ಕೈಕಟ್ಟುತ್ತದೆ. ನಾಳಗಳು ಸಡಿಲವಾಗುತ್ತವೆ, ಒತ್ತಡ ಇಳಿಯುತ್ತದೆ, ಹೃದಯಕ್ಕೂ ಸಕ್ಕರೆ ರೋಗಿಯ ಮೂತ್ರಪಿಂಡಕ್ಕೂ ಹಿತವಾಗುತ್ತದೆ. ಆದರೆ ಒಡೆಯುವವರಿಲ್ಲದೆ ಬ್ರಾಡಿಕೈನಿನ್ ಉಸಿರಿನ ಹಾದಿಯಲ್ಲಿ ಸೇರಿಕೊಂಡು ಅಲ್ಲಿಯ ನರಗಳನ್ನು ಕೆಣಕುತ್ತದೆ ಎಂದು ಬಲ್ಲವರ ಅಭಿಪ್ರಾಯ. ಉಪಕಾರ, ಉಪದ್ರವ ಎರಡೂ ಒಂದೇ ಬೇರಿನವು. ‘ಅಡ್ಡಪರಿಣಾಮ’ ಎಂಬ ಮಾತು ಇಲ್ಲಿ ಅಷ್ಟು ಒಪ್ಪುವುದಿಲ್ಲ.

ಸೇವಿಸುವ ನೂರು ಮಂದಿಯಲ್ಲಿ ಸುಮಾರು ೫ರಿಂದ ೨೦ ಮಂದಿಗೆ ಈ ಕೆಮ್ಮು ಬರುವುದೆಂದು ಲೆಕ್ಕ, ಹೆಂಗಸರಲ್ಲಿ ಹೆಚ್ಚು. ಮಾತ್ರೆ ಹಿಡಿದ ಕೆಲವು ವಾರಗಳಿಗೆ, ಒಮ್ಮೊಮ್ಮೆ ತಿಂಗಳುಗಳ ಮೇಲೆ ಅದು ತೊಡಗುವುದರಿಂದ ಯಾರಿಗೂ ಮಾತ್ರೆಯ ಮೇಲೆ ಅನುಮಾನ ಬರುವುದಿಲ್ಲ. ಔಷಧ ಬದಲಾದರೆ ಸಾಮಾನ್ಯವಾಗಿ ೧ರಿಂದ ೪ ವಾರಗಳಲ್ಲಿ ಅಡಗುತ್ತದೆ. ಕೆಲವರಿಗೆ ೩ ತಿಂಗಳೂ ಹಿಡಿಯಬಹುದು.

ಹಾಗೆಂದು ಇದನ್ನೋದಿ ನಾಳೆಯೇ ಮಾತ್ರೆ ಬಿಡಬೇಡಿ. ಏರಿದ ಒತ್ತಡ ಸದ್ದುಮಾಡುವುದಿಲ್ಲ. ಕೆಮ್ಮು ನಿಂತಿತೆಂದು ಹಿಗ್ಗುತ್ತಿರುವಾಗಲೇ ಪಾರ್ಶ್ವವಾಯು ಬಡಿದೀತು. ಬದಲಾಯಿಸುವುದು ವೈದ್ಯರ ಕೆಲಸ. ಲೊಸಾರ್ಟಾನ್, ಟೆಲ್ಮಿಸಾರ್ಟಾನ್ ಮೊದಲಾದ ‘ಸಾರ್ಟಾನ್’ ಪ್ರತ್ಯಯದವು ಆ ಕಿಣ್ವದ ತಂಟೆಗೆ ಹೋಗುವುದಿಲ್ಲ. ಅವುಗಳಿಂದ ಕೆಮ್ಮು ಬರುವುದು ಅಪರೂಪ. ಎಲ್ಲ ಕೆಮ್ಮನ್ನೂ ಮಾತ್ರೆಯ ತಲೆಗೆ ಕಟ್ಟುವುದೂ ಸಲ್ಲದು. ಎರಡು ವಾರ ಮೀರಿದ ಕೆಮ್ಮಿದ್ದರೆ ಕ್ಷಯದ ಪರೀಕ್ಷೆ ನಮ್ಮ ದೇಶದಲ್ಲಿ ಆಗಲೇಬೇಕು.

ಇನ್ನೊಂದು ಲಕ್ಷಣ ವಿರಳವಾದರೂ ಭಯಂಕರ. ಇದೇ ಮಾತ್ರೆಯಿಂದ ತುಟಿ, ನಾಲಗೆ, ಮುಖ ಏಕಾಏಕಿ ಊದಿಕೊಳ್ಳುವುದುಂಟು. ಆಗ ಮುಂದಿನ ಮಾತ್ರೆ ನುಂಗದೆ, ಬೆಳಗಾಗಲೆಂದು ಕಾಯದೆ, ಆ ಗಳಿಗೆಯಲ್ಲಿಯೇ ಆಸ್ಪತ್ರೆಗೆ ಒಯ್ಯಬೇಕು. ಉಸಿರು ಕಟ್ಟುವ ಅಪಾಯವಿದೆ. ಗರ್ಭಿಣಿಯರಿಗಂತೂ ಈ ವರ್ಗವೇ ನಿಷಿದ್ಧ.

ಕೆಮ್ಮಿಗಾಗಿ ವೈದ್ಯರಲ್ಲಿಗೆ ಹೋಗುವಾಗ ಮಾತ್ರೆಯ ಹಾಳೆಯನ್ನು ಕೈಯಲ್ಲಿಯೇ ಹಿಡಿದುಹೋಗಿ. ಅದನ್ನು ಯಾವ ತಿಂಗಳು ಹಿಡಿದಿರಿ, ಕೆಮ್ಮು ಯಾವ ತಿಂಗಳು ತೊಡಗಿತು ಎಂಬೆರಡನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡಿರಿ.